ಗೋಡೆಗೆ ಮುಖಮಾಡಿ ನಿಲ್ಲುತ್ತಿದ್ದ ಬಸಯ್ಯಸ್ವಾಮಿ

ಯಾರಾದರೂ ಪಾಸ್‌ವರ್ಡ್ ಒತ್ತತೊಡಗಿದರೆ ಬಸಯ್ಯಸ್ವಾಮಿ ಎದ್ದು ಗೋಡೆಗೆ ಮುಖಮಾಡಿ ನಿಲ್ಲುತ್ತಿದ್ದರು. ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಕೇಬಲ್ಲಿನ ಸುರುಳಿ. ಬೆಳಿಗ್ಗೆ ಭಕ್ತರ ಮನೆಗಳಲ್ಲಿ ಪೂಜೆ. ಆಮೇಲೆ ಮಹಾರಾಷ್ಟ್ರದ ಗಡಿಯೂರುಗಳಾದ ಉಮರ್ಗಾ, ನಿಲಂಗಾ, ಉದಗೀರದ ಅಂಗಡಿಗಳಿಗೆ ವೆಬ್ ಸರ್ವರ್ ಹಾಕಿಕೊಡುವ ಕೆಲಸ.

ಬಿ.ಎಸ್ಸಿ. ಮುಗಿಸಿ ನಾನು ಸೇರಿದ್ದ ಉದಗೀರದ ರಕ್ತಪರೀಕ್ಷೆಯ ಲ್ಯಾಬಿಗೂ ಅವರೇ ಹಾಕಿದ್ದರು. ರೋಗಿಗಳು ಮೊಬೈಲಿನಲ್ಲೇ ವರದಿ ನೋಡಬಹುದಿತ್ತು.

"ಸರ್ವರ್ ಅಂದ್ರ ಎಮ್ಮಿ ಅಲ್ಲರೀ, ಗೂಟಕ್ಕ ಕಟ್ಟಿ ಮರಿಯಾಕ. ಬೇಕಾದ ಬಾಗಲಾ ಅಷ್ಟೇ ತಗೀರಿ. ಅಪ್‌ಡೇಟ್ ಬಂದ ದಿನಾನೇ ಹಾಕ್ರಿ. ಬ್ಯಾಕಪ್ ಬ್ಯಾರೆ ಮನ್ಯಾಗ ಇಡ್ರಿ. ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್," ಎಂದು ಲ್ಯಾಬಿನ ಮಾಲೀಕನಿಗೆ ಹೇಳಿದರು.

ಮಾಲೀಕ ಗುಟ್ಕಾ ಉಗುಳಿ ನಕ್ಕ. "ಅರೇ ಸ್ವಾಮಿ, ಇಲ್ಲಿ ಕೋಣ್ ಯೇಣಾರ್, ಯಾರ್ ಬರ್ತಾರ? ಮಂದಿ ಉಚ್ಚಿ ರಿಪೋರ್ಟ್ ಕದ್ದು ಏನ್ ಮಾಡ್ತಾರ?" ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಟ್ಟು, ಚೀಟಿಯಲ್ಲಿ ಬರೆಸಿ ಸರ್ವರಿನ ಪೆಟ್ಟಿಗೆಗೆ ಅಂಟಿಸಿದ.

ಖಂಡೇನವಮಿಯ ಆಯುಧಪೂಜೆಗೆ ಆ ಪೆಟ್ಟಿಗೆಗೂ ಚೆಂಡುಹೂವು, ಕುಂಕುಮ. ನಾನೇ ಫೋಟೊ ತೆಗೆದು ಲ್ಯಾಬಿನ ಸ್ಟೇಟಸ್ಸಿಗೆ ಹಾಕಿದೆ. ಹೂವಿನ ನಡುವೆ ಚೀಟಿ ಅಕ್ಷರಕ್ಷರ ಓದುವಂತಿತ್ತು.

ಯಾರೋ ಓದಿದರು, ಸರ್ವರಿನ ಒಳಹೊಕ್ಕರು. ದೇವಣಿಯಿಂದ ಮದುವೆಯಾಗಿ ಬಂದಿದ್ದ ಹೆಣ್ಣುಮಗಳ ಎಚ್‌ಐವಿ ವರದಿ ಮೂರನೆಯ ದಿನ ಊರ ಮೊಬೈಲುಗಳಲ್ಲಿ ಓಡಾಡಿತು. ಜನ ನಗುವ ಚಿತ್ರಗಳನ್ನು ಸೇರಿಸಿ ಕಳಿಸುತ್ತಿದ್ದರು.

ಬಸಯ್ಯಸ್ವಾಮಿ ಸರ್ವರ್ ನಿಲ್ಲಿಸಲು ಬಂದಿದ್ದಾಗಲೇ ಅವಳ ಮೈದುನ ಅವಳನ್ನು ಜಡೆ ಹಿಡಿದು ಎಳೆದುತಂದ. ಇನ್ನೊಂದು ಕೈಯಲ್ಲಿ ಪೆಟ್ರೋಲ್ ಬಾಟಲಿ. ಅವಳ ಸೆರಗು ಆಗಲೇ ತೊಯ್ದಿತ್ತು.

"ಹೇಳ್ರೀ, ಇದು ಖರೇ ಏನ್?"

ಸ್ವಾಮಿ ಅವಳನ್ನು ಕಿತ್ತುಕೊಂಡು ಸರ್ವರ್ ಕೋಣೆಗೆ ನೂಕಿ, ಚಿಲಕ ಹಾಕಿ ಬಾಗಿಲಿಗೆ ಬೆನ್ನುಕೊಟ್ಟರು.

"ಆಕಿ ರಿಪೋರ್ಟ್ ಆಕೀದು. ನಿನಗ್ಯಾಕ ಬೇಕೋ? ಕಡ್ಡಿ ಗೀರೂದಿದ್ರ ನನ್ನ ಮ್ಯಾಲ ಗೀರು."

ಉಳಿದ ಪೆಟ್ರೋಲು ಅವರ ಅಂಗಿಯ ಮೇಲೆ ಬಿತ್ತು. ಅವನ ಬೆರಳುಗಳು ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ತಡಕುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟುತ್ತದೆ. ಬೀದಿಯವರು ನುಗ್ಗಿ ಅವನನ್ನು ಹಿಡಿದರು. ಮಾಲೀಕ ಮೇಜಿನ ಹಿಂದೆ, ನಾನೂ ಅಲ್ಲೇ.

ಅವಳನ್ನು ತಾಯಿ ಬಂದು ದೇವಣಿಗೆ ಕರೆದೊಯ್ದಳು. ಪೊಲೀಸರೆದುರು ಮಾಲೀಕ, "ಪಾಸ್‌ವರ್ಡ್ ಸ್ವಾಮೀನೇ ಹಂಚ್ಯಾನ" ಎಂದ. ಅಷ್ಟರಲ್ಲಿ ನಾನು ಫೋಟೊ ಅಳಿಸಿಹಾಕಿದ್ದೆ. ಸುಮ್ಮನಿದ್ದೆ. ಅಳಿಸಿದ ಆ ಬೆರಳಿನಲ್ಲೇ ಇಂದಿಗೂ ಅನ್ನ ಕಲಸುತ್ತೇನೆ, ಹೇಸಿಗೆಯಾಗುತ್ತದೆ.

ಆ ಮಾತು ನಂಬಿ ಅಂಗಡಿಯವರು ಸ್ವಾಮಿಯನ್ನು ಬಿಟ್ಟರು. ಪೂಜೆಗೆ ಕರೆಯುತ್ತಿದ್ದವರೂ ಬಿಟ್ಟರು. ಕೊನೆಗೆ ಕಂಡದ್ದು ಉಮರ್ಗಾ ಹತ್ತಿರದ ತುರೋರಿಯಲ್ಲಿ, ಅವರು ಕಲಬುರಗಿ ಬಸ್ಸಿಗೆ ಕಾಯುತ್ತಿದ್ದಾಗ.

"ಹೊಸಾ ಪಾಸ್‌ವರ್ಡ್ ಹಾಕೀರೇನವ್ವಾ?"

"ಹಾಕೀವ್ರೀ."

"ಚೀಟಿ?"

"ಹರದೀನ್ರಿ. ಸ್ವಾಮೇರ, ಆ ಫೋಟೊ..."

ಅವರು ಚೀಲ ಎತ್ತಿಕೊಂಡು ಚಹಾದಂಗಡಿಯ ಗೋಡೆಗೆ ಮುಖಮಾಡಿದರು. ಬಸ್ಸು ಬರುವವರೆಗೂ ಹಾಗೇ ನಿಂತಿದ್ದರು.