ಭೂತದ ಕೈಯಲ್ಲಿ ಹಸಿರು ಬಳೆ

ಆ ಸಿನಿಮಾದಲ್ಲಿ ದೋಣಿ ಮುಳುಗಿಸುವ ಸಮುದ್ರಭೂತ ನಾನಲ್ಲ. ಮೂವತ್ತು ವರ್ಷಕ್ಕೂ ಮೇಲಾಯಿತು, ನಾನೇ ಎಂದು ಹೇಳಿಕೊಂಡು ಬಂದಿದ್ದೇನೆ. ಊರವರು ‘ಭೂತದ ರಂಗಣ್ಣ’ ಎಂದು ಕರೆದಾಗ ಓ ಎಂದಿದ್ದೇನೆ. ಅದು ನನ್ನ ತಂಗಿ ತಿಪ್ಪಮ್ಮ. ನೀರಿಗೆ ಇಳಿದವಳು ಅವಳು. ನಾನು ಜಾಲಿ ಗಿಡದ ಮರೆಯಲ್ಲಿ ಅವಳ ಸೀರೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ.

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಪೆನ್ನು ಹಿಡಿದರೆ ಬೆರಳು ನೋಯುತ್ತದೆ, ಒತ್ತಕ್ಷರ ತಪ್ಪುತ್ತದೆ. ಆದರೂ ಬೇರೆಯವರ ಕೈಯಲ್ಲಿ ಬರೆಸಲಿಲ್ಲ. ಸುಳ್ಳನ್ನು ನನ್ನ ಬಾಯಿಂದಲೇ ಹೇಳಿದವನು ನಿಜವನ್ನು ಇನ್ನೊಬ್ಬರಿಂದ ಬರೆಸಿದರೆ ಹೇಗೆ?

ಮೊದಲು ನನ್ನ ಸಂತೋಷ ಹೇಳಿಬಿಡುತ್ತೇನೆ. ಎದೆ ಒಡೆಯುವಷ್ಟು ಸಂತೋಷ ಅದು. ನನ್ನ ಮೊಮ್ಮಗಳು ಚೈತ್ರ ಚಿತ್ರದುರ್ಗದಲ್ಲಿ ಡಿಗ್ರಿ ಓದುತ್ತಾಳೆ. ಅಲ್ಲಿ ಈಜು ಕಲಿಯಲು ಸೇರಿ, ಕಾಲೇಜುಗಳ ನಡುವಿನ ಸ್ಪರ್ಧೆಯಲ್ಲಿ ಗೆದ್ದು ಕಪ್ ತಂದಳು. ಬಸ್ಸಿಳಿದು ಬಂದವಳು ಅದನ್ನು ಅಪ್ಪನಿಗೂ ಕೊಡಲಿಲ್ಲ, ಅಮ್ಮನಿಗೂ ಕೊಡಲಿಲ್ಲ, ನೇರ ನನ್ನ ತೊಡೆಯ ಮೇಲೆ ಇಟ್ಟಳು. “ತಾತ, ಇದು ನಿಂದು. ಈಜು ನಂಗೆ ನಿನ್ನಿಂದಲೇ ಬಂದೈತೆ,” ಎಂದಳು. ಪಂಚೆಯಲ್ಲಿ ಒರೆಸಿ ಒರೆಸಿ ಎಷ್ಟು ಜನಕ್ಕೆ ತೋರಿಸಿದೆನೋ. ಹಾಲಿನ ಡೈರಿಗೆ ಹೋಗುವಾಗಲೂ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಇಂಥ ಮೊಮ್ಮಗಳು ಯಾರಿಗಿದ್ದಾಳೆ ಹೇಳಿ.

ಆದರೆ ನನಗೆ ಈಜು ಬರುವುದಿಲ್ಲ. ಇವತ್ತಿಗೂ ಮೊಣಕಾಲುದ್ದದ ನೀರಿಗೆ ಇಳಿದರೆ ಉಸಿರು ಕಟ್ಟುತ್ತದೆ. ಹನ್ನೆರಡು ವರ್ಷದವನಿದ್ದಾಗ ತೋಟದ ಬಾವಿಗೆ ಬಿದ್ದಿದ್ದೆ. ಜುಟ್ಟು ಹಿಡಿದು ಮೆಟ್ಟಿಲಿಗೆ ಎಳೆದು ತಂದವಳು ತಿಪ್ಪಮ್ಮ. ನನಗಿಂತ ಎರಡು ವರ್ಷ ಚಿಕ್ಕವಳು, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಅದೇ ಬಾವಿಯಲ್ಲಿ ಈಜು ಕಲಿತಿದ್ದಳು. ಅಪ್ಪನಿಗೆ ಹೇಳಬೇಡ ಎಂದೆ. ಅವಳು ಹೇಳಲಿಲ್ಲ. ನನಗೆ ಆವಾಗಲೇ ಗೊತ್ತಾಗಿಹೋಯಿತು — ಇವಳು ಹೇಳುವುದಿಲ್ಲ ಎಂದು.

ಸಿನಿಮಾದವರು ಬಂದಾಗ ನಮಗಿಬ್ಬರಿಗೂ ಮದುವೆಯಾಗಿತ್ತು. ತಿಪ್ಪಮ್ಮನನ್ನು ಊರಲ್ಲೇ ಕೊಟ್ಟಿದ್ದೆವು. ಆ ಸಿನಿಮಾದವರಿಗೆ ಮಂಗಳೂರಿಗೆ ಹೋಗಿ ಸಮುದ್ರ ತೆಗೆಯುವ ತ್ರಾಣ ಇರಲಿಲ್ಲ. ಅದಕ್ಕೆ ನಮ್ಮ ಮಾರಿಕಣಿವೆ ಡ್ಯಾಮಿನ ಹಿನ್ನೀರನ್ನೇ ಸಮುದ್ರ ಮಾಡಿದರು. ದಡದಲ್ಲಿ ಬಕೆಟ್‌ಗಟ್ಟಲೆ ಸೋಪಿನ ನೊರೆ ಸುರಿದರು, ಅದು ಅಲೆ. ಹಿಂದಿನ ಗುಡ್ಡ ಕಾಣಬಾರದೆಂದು ಕ್ಯಾಮೆರಾ ಬಗ್ಗಿಸಿಯೇ ಇಟ್ಟರು, ಆದರೂ ಒಂದು ಕಡೆ ಸಮುದ್ರದ ನಡುವೆ ಎಮ್ಮೆಯೊಂದು ತಲೆ ಎತ್ತುತ್ತದೆ. ಎಂಟು ಕೈಯ ಭೂತಕ್ಕೆ ರಬ್ಬರಿನ ಚರ್ಮ ಬರಬೇಕಿತ್ತು, ಬರಲಿಲ್ಲ. ಡೈರೆಕ್ಟರು ತಲೆ ಮೇಲೆ ಕೈ ಹೊತ್ತು ಕುಳಿತಾಗ ಬಾಯಿ ಹಾಕಿದವನು ನಾನು.

“ಕಂಬಳಿ ಹೊಲಿಸ್ರಿ ಸಾರ್. ಹುಣಸೆಬೀಜದ ಗಂಜಿ ಹಾಕಿದ ಕಂಬಳಿಗೆ ನೀರು ಇಳಿಯಂಗಿಲ್ಲ.”

ಕುರಿ ಕಾಯುವವರು ಅದನ್ನು ತಲೆಯಿಂದ ಬೆನ್ನಿಗೆ ಇಳಿಬಿಟ್ಟು ಕೊಪ್ಪೆ ಹಾಕಿಕೊಂಡು ಇಡೀ ಮಳೆಗೆ ನಿಲ್ಲುವುದನ್ನು ನೋಡಿದ್ದೆ. ಮೇಲಿಂದ ಬೀಳುವ ಮಳೆ ಬೇರೆ, ಡ್ಯಾಮಿನೊಳಗೆ ಮುಳುಗುವುದು ಬೇರೆ ಎಂದು ಹೊಳೆಯಲಿಲ್ಲ. ಕರಿ ಕಂಬಳಿ ಹೊಲಿಸಿದರು. ಸೈಕಲ್ ಟ್ಯೂಬು ತುಂಬಿ ಕೈ ಮಾಡಿದರು, ತೆಂಗಿನ ಚಿಪ್ಪಿನಲ್ಲಿ ಕಣ್ಣು ಮಾಡಿದರು. ಇದರೊಳಗೆ ಹೋಗಿ ಈಜುವವರು ಯಾರು ಎಂದು ಕೇಳಿದರು. ಊರೆಲ್ಲ ಸುತ್ತ ನಿಂತಿತ್ತು. ನಾನು ಕೈ ಎತ್ತಿದೆ. ಯಾಕೆ ಎತ್ತಿದೆನೋ — ಊರು ನೋಡುತ್ತಿತ್ತು, ಅಷ್ಟೇ.

ಮಾರನೇ ದಿನ ವೇಷ ಹಾಕಿಕೊಳ್ಳುವುದಕ್ಕೆಂದು ಜಾಲಿ ಗಿಡದ ಹಿಂದೆ ಹೋದವನು ಅಲ್ಲೇ ಕುಳಿತುಬಿಟ್ಟೆ. ತಿಪ್ಪಮ್ಮ ನನಗೆ ಬುತ್ತಿ ತಂದಿದ್ದಳು.

“ಅಣ್ಣ, ಮಕ ಯಾಕೆ ಬೂದಿ ಬಳಕಂಡಂಗೈತೆ?”

“ನಂಗೆ ಆಗಲ್ಲ ಕಣೆ ತಿಪ್ಪಿ.”

ಅವಳು ನನ್ನನ್ನು ನೋಡಿದಳು, ಕಂಬಳಿ ಭೂತವನ್ನು ನೋಡಿದಳು, ನಕ್ಕಳು. “ಇದರೊಳಗೆ ಯಾರು ಹೊಕ್ಕರೂ ಭೂತನೇ ಅಲ್ವ? ನಿನ್ನ ಇನ್ನೊಂದು ಅಂಗಿ ಚಡ್ಡಿ ಕೊಡು. ಆ ಕಡೆ ತಿರುಗಿ ಕುಂತ್ಕ.”

ನಾಲ್ಕು ದಿನ ಅವಳು ಇಳಿದಳು. ನಾವಿಬ್ಬರೂ ಒಂದೇ ಎತ್ತರ. ಸಿನಿಮಾದವರು ದೂರದಿಂದ ಮೈಕಿನಲ್ಲಿ ಕೂಗುತ್ತಿದ್ದರು, ಅವರಿಗೆ ಕಂಡಿದ್ದು ಭೂತ ಮಾತ್ರ. ಎರಡನೇ ದಿನಕ್ಕೆ ಗಂಜಿ ಕರಗಿ ಕಂಬಳಿ ನೀರು ಕುಡಿಯಿತು. ಹಿಂಡುವುದಕ್ಕೆ ನಾವಿಬ್ಬರೂ ಸೇರಿದರೂ ಸಾಲದಷ್ಟು ಭಾರ. ಆ ಭಾರ ಹೊತ್ತು ಅವಳು ಮುಳುಗಿದಳು, ಎದ್ದಳು, ದೋಣಿ ಅಲ್ಲಾಡಿಸಿದಳು. ತುಟಿ ನೀಲಿಗಟ್ಟಿ ಬಂದು, ಕೂದಲು ಹಿಂಡುತ್ತಾ ಹೇಳಿದ ಮಾತು ಇದು: “ಅಣ್ಣ, ಇವತ್ತು ಹೀರೋಯಿನ್ನಮ್ಮ ಕೂಗಿದ್ದು ಆಕ್ಟಿಂಗ್ ಅಲ್ಲ. ನಿಜವಾಗ್ಲೂ ಹೆದರಿಕಂಡ್ಲು.” ಮನೆಯ ಕೆಲಸ, ಹೊಲದ ಕೆಲಸ ಎಷ್ಟು ಮಾಡಿದರೂ ಅವಳು ತನ್ನ ಕೆಲಸದ ಬಗ್ಗೆ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡೆ. ಗಂಡ ಮುಂಗೋಪಿ, ನಿನಗೇ ತೊಂದರೆ ಎಂದೆ. ಅದು ನಿಜವೇ. ಆದರೆ ನಾನು ಕಾಪಾಡಿದ್ದು ನನ್ನ ಹೆಸರನ್ನು.

ಸಿನಿಮಾ ಹಿರಿಯೂರಿನ ಟಾಕೀಸಿಗೆ ಬಂತು. ಊರೇ ಟ್ರ್ಯಾಕ್ಟರ್ ಹತ್ತಿ ಹೋಯಿತು. ಬೇರೆ ಊರಲ್ಲಿ ಅದು ಮೂರು ದಿನವೂ ಓಡಲಿಲ್ಲವಂತೆ. ನಮಗೇನು, ಭೂತ ಎದ್ದಾಗಲೆಲ್ಲ ಶಿಳ್ಳೆ. ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನನ್ನ ಸುತ್ತ ಜನ. ತಿಪ್ಪಮ್ಮ ಹಿಟ್ಟಿನ ಗಿರಣಿಯಿಂದ ಪುಟ್ಟಿ ಹೊತ್ತು ಅದೇ ದಾರಿಯಲ್ಲಿ ಬಂದಳು. ಯಾರೋ ತಮಾಷೆ ಮಾಡಿದರು, “ಏನವ್ವ, ನಿಮ್ಮಣ್ಣನ್ನ ನೋಡಿ ಹೆದರಿಕಂಡ್ಯಾ?” ಅವಳು ನಿಂತಳು. ನಿನ್ನೆಯ ಶಿಳ್ಳೆ ಅವಳ ಕಿವಿಯಲ್ಲೂ ಇನ್ನೂ ಇತ್ತೇನೋ. ನಗುತ್ತಲೇ ಅಂದಳು:

“ಅಣ್ಣ ಎಲ್ಲಿ ಇಳಿದಾನೆ ನೀರಿಗೆ? ಆ ಭೂತ ನಾನೇ ಕಣ್ರಪ್ಪ.”

ಎಲ್ಲರೂ ನನ್ನ ಕಡೆ ತಿರುಗಿದರು. ಒಂದು ಗುಟುಕು ಟೀ ನುಂಗುವಷ್ಟು ಹೊತ್ತು. ಅಷ್ಟರಲ್ಲಿ ಹೌದು ಎನ್ನಬಹುದಿತ್ತು. ಸುಮ್ಮನಾದರೂ ಇರಬಹುದಿತ್ತು.

ನಾನು ನಕ್ಕೆ. “ಸಿನಿಮಾ ನೋಡಿ ನಮ್ಮ ತಿಪ್ಪಿಗೆ ತಲೆ ಕೆಟ್ಟೈತೆ,” ಎಂದೆ.

ಹೋಟೆಲೆಲ್ಲ ನಕ್ಕಿತು. ಅವಳ ಗಂಡ ಅಲ್ಲೇ ಬೀಡಿ ಸೇದುತ್ತಾ ಕುಳಿತಿದ್ದ, ಎದ್ದು ಅವಳ ರಟ್ಟೆ ಹಿಡಿದು ಕರೆದುಕೊಂಡು ಹೋದ. ಹಿಟ್ಟಿನ ಪುಟ್ಟಿ ದಾರಿಯಲ್ಲೇ ಉಳಿಯಿತು. ನಾನು ಅವರ ಹಿಂದೆ ಹೋಗಲಿಲ್ಲ. ಎರಡು ದಿನ ತಿಪ್ಪಮ್ಮ ಹೊರಗೆ ಕಾಣಲಿಲ್ಲ. ಕಂಡಾಗ ಅವಳಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಡ್ಯಾಮಿನ ನೀರು ಹೊಕ್ಕಿರಬೇಕು ಎಂದು ನಾನು ನನಗೇ ಹೇಳಿಕೊಂಡೆ, ಬಹಳ ವರ್ಷ ಹೇಳಿಕೊಂಡೆ. ಬಲಗೈ ಬೀಸಿದರೆ ಏಟು ಬೀಳುವುದು ಎಡಗೆನ್ನೆಗೆ. ಅಷ್ಟು ತಿಳಿಯುವುದಕ್ಕೆ ನಾಲ್ಕನೇ ಕ್ಲಾಸೂ ಬೇಕಿಲ್ಲ.

ಅವತ್ತಿನಿಂದ ನಮ್ಮೂರಲ್ಲಿ ಯಾರಾದರೂ ಸುಳ್ಳು ಹೇಳಿದರೆ “ಇದೇನು ತಿಪ್ಪಮ್ಮನ ಸಮುದ್ರನಾ?” ಎನ್ನುತ್ತಾರೆ. ಆಗ ಹುಟ್ಟಿಯೇ ಇರದ ಮಕ್ಕಳೂ ಹೇಳುತ್ತವೆ, ಆ ಮಾತು ಹೇಗೆ ಹುಟ್ಟಿತೆಂದು ತಿಳಿಯದೆ. ಅವಳು ಅಂಗಡಿ ಮುಂದೆ ನಿಂತಿದ್ದಾಗಲೇ ಹೇಳಿದ್ದನ್ನು ಕೇಳಿದ್ದೇನೆ. ಅವಳು ಉಪ್ಪಿನ ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಹೊರಟಳು. ಅವಳು ಮತ್ತೆ ಬಾವಿಗಾಗಲಿ ಡ್ಯಾಮಿಗಾಗಲಿ ಇಳಿಯಲಿಲ್ಲ.

ಒಂದು ಸಲ ತಪ್ಪಾಯಿತು ಎಂದಿದ್ದೇನೆ. ಅವಳ ಗಂಡ ತೀರಿಕೊಂಡ ಮೇಲೆ, ಜಗುಲಿಯಲ್ಲಿ ಪಕ್ಕದಲ್ಲಿ ಕುಳಿತು. ಎಡಗಡೆ ಕುಳಿತು. ಕೇಳದ ಕಿವಿ ಯಾವುದೆಂದು ನೋಡಿಕೊಂಡೇ ಕುಳಿತೆ. “ತಿಪ್ಪಿ, ಅವತ್ತು ನಾನು ಹಂಗನ್ನಬಾರದಿತ್ತು,” ಎಂದೆ. ಅವಳು ಅಕ್ಕಿಯ ಕಲ್ಲು ಆರಿಸುತ್ತಾ ಇದ್ದಳು. ಹೇಳಿಯಾಯಿತು ಎಂದು ಎದೆ ಹಗುರ ಮಾಡಿಕೊಂಡು ಮನೆಗೆ ಬಂದೆ. ಇಷ್ಟೆಲ್ಲ ಬರೆದರೂ ಈ ಸಾಲು ಬರೆಯುವುದೇ ಕಷ್ಟವಾಯಿತು.

ಈಗ ಕಪ್ ಬಂದ ಸಂಭ್ರಮ. ಚೈತ್ರ ಆ ಸಿನಿಮಾವನ್ನು ಫೋನಿನಲ್ಲಿ ಎಲ್ಲಿಂದಲೋ ಹುಡುಕಿ ತೆಗೆದಳು. ಭಾನುವಾರ ಬೆಳಿಗ್ಗೆ ಸಮುದಾಯ ಭವನದ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿ, ಫೋನಿಗೆ ಪ್ರೊಜೆಕ್ಟರ್ ಜೋಡಿಸಿ ಬಿಳಿ ಪಂಚೆಯ ಮೇಲೆ ತೋರಿಸಿದಳು. ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. ಎಮ್ಮೆ ಬಂದಾಗ ಜನ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಆಮೇಲೆ ಭೂತ ದೋಣಿಯ ಅಂಚು ಹಿಡಿಯುವ ಜಾಗ ಬಂತು. ಒದ್ದೆ ಕಂಬಳಿಯ ತೋಳು ಜಾರಿತು. ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆ. ಹಿಂದೆ ಟಾಕೀಸಿನ ಶಿಳ್ಳೆಯಲ್ಲಿ ಯಾರೂ ಗಮನಿಸಿರಲಿಲ್ಲ. ಈಗ ಚೈತ್ರ ಫೋನು ಮುಟ್ಟಿ ಅಲ್ಲೇ ನಿಲ್ಲಿಸಿದಳು.

“ತಾತ, ಇದೇನು ಬಳೆ ಹಾಕ್ಕಂಡಿದ್ದೆ?”

ಮತ್ತೆ ಎಲ್ಲರೂ ನನ್ನ ಕಡೆ ತಿರುಗಿದರು. ಮೂವತ್ತು ವರ್ಷದ ಮೇಲೆ ಅದೇ ಒಂದು ಗುಟುಕು ಹೊತ್ತು ನನಗೆ ಇನ್ನೊಂದು ಸಲ ಸಿಕ್ಕಿತು. ಚೈತ್ರಳ ಮುಖ ನೋಡಿದೆ. ಆ ಮುಖದಲ್ಲಿ ನಾನು ಎಷ್ಟು ದೊಡ್ಡವನಾಗಿದ್ದೆ. ಮೈಮೇಲಿನ ಶಾಲು ಸರಿಮಾಡಿಕೊಂಡೆ.

ತಿಪ್ಪಮ್ಮ ಗೋಡೆಗೆ ಒರಗಿ, ಕೇಳುವ ಬಲಗಿವಿಯನ್ನು ಪರದೆಯ ಕಡೆ ಮಾಡಿಕೊಂಡು ಕುಳಿತಿದ್ದಳು. ಅವಳೂ ಬಳೆ ನೋಡುತ್ತಿದ್ದಳು. ಗಂಡ ಹೋದ ಮೇಲೆ ಅವಳ ಕೈ ಬರಿದು, ಆ ಬರಿಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳು ನನ್ನ ಮುಖ ನೋಡಿದಳು — ಬಾವಿಯ ಮೆಟ್ಟಿಲಲ್ಲಿ ನೋಡಿದ ಹಾಗೆ, ಜಾಲಿ ಗಿಡದ ಹಿಂದೆ ನೋಡಿದ ಹಾಗೆ. ನನಗೆ ಆಗುವುದಿಲ್ಲ ಎಂದು ಅವಳಿಗೆ ತಿಳಿಯಿತು.

“ನಾನೇ ತೊಡಿಸಿದ್ದೆ ಕಣವ್ವ, ತಮಾಷೆಗೆ,” ಎಂದಳು. “ಭೂತ ನಿಮ್ಮ ತಾತನೇ.”

ಹಿಂದಿನಿಂದ ಯಾರೋ ಹುಡುಗರು, “ತಿಪ್ಪಜ್ಜಿ ಹೇಳ್ತಾಳೆ ಅಂದ್ರೆ ಸಮುದ್ರನೇ ಇರಬೇಕು ಬಿಡ್ರಲೇ,” ಎಂದರು. ಜನ ನಕ್ಕರು. ಚೈತ್ರಳೂ ನಕ್ಕಳು. ಎಲ್ಲರೂ ನನಗೆ ಚಪ್ಪಾಳೆ ತಟ್ಟಿದರು, ತಿಪ್ಪಮ್ಮನೂ ತಟ್ಟಿದಳು.

ಸುಳ್ಳುಗಾರ್ತಿ ಎಂದು ಊರು ಕರೆದ ನನ್ನ ತಂಗಿ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ. ಅದೂ ನನಗಾಗಿ.

ಚೈತ್ರ, ಇದನ್ನು ಮೊದಲು ಓದುವವಳು ನೀನು. ನಿನ್ನ ಈಜು ನನ್ನಿಂದ ಬಂದಿದ್ದಲ್ಲ. ನಿನ್ನ ಕಪ್ಪನ್ನು ಗೂಡಿನಿಂದ ತೆಗೆದು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಅದು ಯಾರ ಮನೆಗೆ ಹೋಗಬೇಕೆಂದು ನಾನು ಹೇಳುವುದಿಲ್ಲ, ನಿನಗೇ ತಿಳಿಯುತ್ತದೆ. ಓದಿದ ಮೇಲೆ ನನ್ನನ್ನು ತಾತ ಎಂದು ಕರೆಯಲು ನಿನಗೆ ಸ್ವಲ್ಪ ದಿನ ಬೇಕಾದರೆ ತೆಗೆದುಕೊ. ಊರವರೇ, ಆ ಗಾದೆಯನ್ನು ಇನ್ನು ಹೇಳುವುದಿದ್ದರೆ ನನ್ನ ಹೆಸರು ಹಾಕಿ ಹೇಳಿ.

ನಾಳೆ ಬೆಳಿಗ್ಗೆ ತಿಪ್ಪಮ್ಮ ಜಗುಲಿಗೆ ಬರುವ ಹೊತ್ತಿಗೆ ನಾನು ಅಲ್ಲಿರುತ್ತೇನೆ. ಅವಳು ಬೈದರೆ ಬೈಯಲಿ, ಎದ್ದು ಒಳಗೆ ಹೋದರೆ ಹೋಗಲಿ. ನಾನು ಬಲಗಡೆ ಕೂರುತ್ತೇನೆ.