ಸೂಲಗಿತ್ತಿಗೆ ಕೇಳದ ಅಳು

ನಿಜಾಮರ ಕಾಲದಲ್ಲಿ ಗುಂಜೋಟಿಯ ಸೂಲಗಿತ್ತಿ ಮುದುಕಿಯ ಕಿವಿ ಮಂದವಾಗುತ್ತ ಬಂದಿತ್ತು. ಯಾರು ಮಾತಾಡಿದರೂ ಕಿವಿಯ ಹಿಂದೆ ಅಂಗೈ ಹಿಡಿದು, "ಜರಾ ಜೋರ್ ಅನ್ರೀ," ಎನ್ನುತ್ತಿದ್ದಳು. ಆದರೂ ಹೆರಿಗೆಗೆ ಎಲ್ಲರೂ ಅವಳನ್ನೇ ಕರೆಯುತ್ತಿದ್ದರು.

ನನ್ನ ಚೊಚ್ಚಲ ಮಗಳು ಹುಟ್ಟುತ್ತಲೇ ಅತ್ತಳು. ಮುದುಕಿಗೆ ಅದು ಕೇಳಲಿಲ್ಲ. ಗಾಬರಿಯಿಂದ ಕೂಸನ್ನು ಬೋರಲು ಹಿಡಿದು ಮತ್ತೆ ಮತ್ತೆ ಬೆನ್ನು ತಟ್ಟತೊಡಗಿದಳು.

"ಅಳ್ಲಾಕತ್ತದ, ಬಿಡ ಆಯಿ!" ಎಂದು ನಮ್ಮವ್ವ ಕೂಗಿದರೂ ತಿಳಿಯಲಿಲ್ಲ. ಮಲಗಿದಲ್ಲಿಂದ ನಾನೇ ಕೈಚಾಚಿ ಮುದುಕಿಯ ಅಂಗೈಯನ್ನು ಮಗುವಿನ ಎದೆಯ ಮೇಲಿಟ್ಟೆ. ಅಳುವಿನ ನಡುಕ ಕೈಗೆ ತಾಗಿದಾಗ ಗೋಡೆಗೊರಗಿ ಕುಳಿತುಬಿಟ್ಟಳು.

"ಸಾಕಾತು ಯವ್ವಾ. ಅಳೂದು ಕೇಳಲಾರದಾಕಿ ಹೆರಿಗಿ ಮಾಡಬಾರ್ದು," ಎಂದಳು.

ಮುಂದೆ ಯಾರು ಕರೆದರೂ ತನ್ನಿಂದ ಕೆಲಸ ಕಲಿತಿದ್ದ ಸೊಸೆಯನ್ನೇ ಕಳಿಸಿದಳು. ತಾನು ಹೊಸ್ತಿಲಲ್ಲಿ ಕೂತು ಬೀದಿ ನೋಡುತ್ತಿದ್ದಳು. ಸೊಸೆ ತಿರುಗಿ ಬರುವಾಗ ದೂರದಿಂದಲೇ ಅವಳ ಮುಖ ನೋಡಿ, ಕೂಸು ಬದುಕಿತೋ ಇಲ್ಲವೋ ತಿಳಿದುಕೊಳ್ಳುತ್ತಿದ್ದಳು.