ಬಿಡಕಿನ್ ನಕ್ಷೆಗೊಂದು ತಿದ್ದುಪಡಿ

ಐದು ವರ್ಷಗಳ ಹಿಂದೆ, ಫೆಬ್ರವರಿಯ ಕೊನೆಯ ಭಾನುವಾರ, ನಾಸಿಕ್‌ನ ಮರಾಠಿ ಪತ್ರಿಕೆಯೊಂದರಲ್ಲಿ ನನ್ನ ಹೆಸರಿನ ಲೇಖನವೊಂದು ನಕ್ಷೆಯ ಸಮೇತ ಪ್ರಕಟವಾಯಿತು. ಸಂಭಾಜಿನಗರದ ಹತ್ತಿರದ ಬಿಡಕಿನ್ ಊರಿನ ಹೊರಗೆ, ಹೊಸ ಕೈಗಾರಿಕಾ ನಗರಕ್ಕಾಗಿ ಸಮತಟ್ಟು ಮಾಡಿದ ಬಯಲಿನಲ್ಲಿ, ಒಬ್ಬ ತಾಯಿಯ ಸಮಾಧಿ ಎಲ್ಲಿದೆ ಎಂಬುದನ್ನು ಆ ನಕ್ಷೆಯ ಕೆಂಪು ಚುಕ್ಕೆ ತೋರಿಸುತ್ತಿತ್ತು. ಚುಕ್ಕೆ ತಪ್ಪು ಜಾಗದಲ್ಲಿತ್ತು. ಅದು ಮುಂದಿನ ವಾರವೇ ನನಗೆ ಗೊತ್ತಾಯಿತು. ತಿದ್ದಲು ಆಗಿನ್ನೂ ಸಮಯವಿತ್ತು. ನಾನು ತಿದ್ದಲಿಲ್ಲ.

ಆ ತಾಯಿಯ ಮಗ ಕಾಶಪ್ಪ ಕಾಕಾ. ಭಾಲ್ಕಿ ಕಡೆಯವರು, ಸಂಭಾಜಿನಗರದಲ್ಲಿ ಬಟ್ಟೆ ಅಂಗಡಿ. ನನ್ನ ತಂದೆ ಅಲ್ಲಿನ ಬ್ಯಾಂಕಿಗೆ ವರ್ಗವಾಗಿ ಬಂದಾಗಿನಿಂದ ಎರಡೂ ಮನೆಗಳಿಗೆ ಬಳಕೆ. ಕಾಕಾನ ತಂದೆ ಮೊದಲು ಅಂಗಡಿ ಹಾಕಿದ್ದು ಬಿಡಕಿನ್‌ನಲ್ಲಿ. ಕಾಕಾ ಚಿಕ್ಕವರಿದ್ದಾಗ ತಾಯಿ ತೀರಿಕೊಂಡದ್ದೂ ಅಲ್ಲೇ. ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಪರಿಚಯದ ರೈತನೊಬ್ಬ ತನ್ನ ಹೊಲದ ಬದುವಿನ ಮೇಲೆ ಜಾಗ ಕೊಟ್ಟ. ಗುರುತಿಗೆ ಒಂದು ಬೇವಿನ ಮರ. ಕಾಕಾ ವರ್ಷಕ್ಕೊಮ್ಮೆ ಹೋಗಿ ಮರದ ಬುಡಕ್ಕೆ ವಿಭೂತಿ ಹಚ್ಚಿ ಬರುತ್ತಿದ್ದರು. ಒಂದು ವರ್ಷ ಹೋದಾಗ ಮರವಿರಲಿಲ್ಲ, ಬದುವಿರಲಿಲ್ಲ, ಹೊಲವೇ ಇರಲಿಲ್ಲ — ಕಣ್ಣು ಹಾಯುವವರೆಗೂ ಒಂದೇ ಮಟ್ಟದ ಮಣ್ಣು, ಅದರ ಮೇಲೆ ಬರಲಿರುವ ರಸ್ತೆಗಳ ಸುಣ್ಣದ ಗೆರೆಗಳು.

ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಸಜ್ಜನ. ಸಮಾಧಿ ರಸ್ತೆಯ ಗೆರೆಯೊಳಗೆ ಬರುವುದಾದರೆ, ಡಾಂಬರು ಬೀಳುವ ಮುಂಚೆ ಜಾಗ ತೋರಿಸಿ, ಉಳಿದದ್ದನ್ನು ಎತ್ತಿಕೊಂಡು ಹೋಗಲು ಬಿಡುತ್ತೇನೆ ಎಂದಿದ್ದರು. ಹಾಗಾದರೆ ಅವ್ವನನ್ನು ಭಾಲ್ಕಿಗೆ ಒಯ್ದು ಅಪ್ಪನ ಪಕ್ಕ ಕೂರಿಸುವುದು. ಗೆರೆಯೊಳಗೆ ಬರದಿದ್ದರೆ ಅವಳನ್ನು ಅಲುಗಿಸುವುದೇ ಬೇಡ — ಇದು ಕಾಕಾನ ನಿರ್ಧಾರ. ಆದರೆ ಜಾಗ ಯಾವುದು?

ಅದನ್ನು ಕೇಳಿಕೊಂಡು ಗಂಡ ಹೆಂಡತಿ ನಾಸಿಕ್‌ಗೆ, ನನ್ನ ಮನೆಗೆ ಬಂದರು. ನಾನಾಗ ಪತ್ರಿಕೆಯಲ್ಲಿ ಲಾಸಲಗಾಂವ್‌ನ ಈರುಳ್ಳಿ ದರ, ನಿಫಾಡ್‌ನ ದ್ರಾಕ್ಷಿ ಸುದ್ದಿ ಬರೆಯುತ್ತಿದ್ದವನು. ಬಿಡುವಾದಾಗ ಇಂಟರ್ನೆಟ್‌ನಲ್ಲಿ ನಕ್ಷೆ ಹುಡುಕುವ ಹುಚ್ಚು. ಹಳೆಯ ಉಪಗ್ರಹ ಚಿತ್ರಗಳಲ್ಲಿ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯಬಹುದೆಂದು ನನಗೆ ಗೊತ್ತಿತ್ತು. ಕಂಪ್ಯೂಟರ್ ಮುಂದೆ ಅವರಿಬ್ಬರನ್ನೂ ಕೂರಿಸಿ ಹಿಂದೆ ಸರಿಸುತ್ತ ಹೋದೆ. ಸುಣ್ಣದ ಗೆರೆಗಳು ಅಳಿಸಿಹೋದವು. ಬಯಲು ಮತ್ತೆ ತುಂಡು ತುಂಡು ಹೊಲಗಳಾಯಿತು. ಕಾಲುದಾರಿ ಬಂತು, ಬದು ಬಂತು. ಆಮೇಲೆ, ಬದುವಿನ ಮೇಲೆ ಒಂದು ಕಡುಹಸಿರು ಚುಕ್ಕೆ — ಅದರ ಪಕ್ಕದಲ್ಲಿ, ಚಳಿಗಾಲದ ಬೆಳಗಿನ ಉದ್ದನೆಯ ನೆರಳು. ಕಡಿದು ಸಾಗಿಸಿದ ಮರ ನೆರಳಿನ ಸಮೇತ ನಿಂತಿತ್ತು. ಇಂದಿಗೂ ಆ ಚಿತ್ರ ನೆನೆದರೆ ಬೆರಗಾಗುತ್ತದೆ — ಆಕಾಶದಲ್ಲಿ ಯಾರೂ ಹೇಳದೆ ಯಾರೂ ಕೇಳದೆ ಏನೋ ಒಂದು ಹಾದುಹೋಗುತ್ತ, ಒಬ್ಬ ಹೆಂಗಸನ್ನು ಕೂರಿಸಿದ ಜಾಗವನ್ನು ನೋಡಿಟ್ಟುಕೊಂಡಿತ್ತು.

ಕಾಕಾ ಎದ್ದು, ಬಾಗಿಲ ಬಳಿ ಹೋಗಿ ಚಪ್ಪಲಿ ಬಿಟ್ಟು ಬಂದು, ಪರದೆಗೆ ಕೈ ಮುಗಿದರು.

ನೀಲಮ್ಮ ಕಾಕು ನಕ್ಕು, ನನಗೆ ಹೇಳಿದರು: “ನಮ್ಮ ಯಜಮಾನ್ರಿಗಿ ಬಾಜೂ ಖೋಲ್ಯಾಗ ಹೆಂಡ್ತಿ ಜ್ವರ ಬಂದು ಮಲಗಿದ್ರ ಕಾಣಂಗಿಲ್ರಿ. ಅವ್ವನ್ನ ಆಕಾಶದಿಂದ ನೋಡ್ಲಾಕ ಹತ್ಯಾರ.”

ಕಾಕಾ ನಗಲಿಲ್ಲ. “ಅವ್ವ ಇಲ್ಲೇ ಕುಂತಾಳೇನ್ರಿ ತಮ್ಮಾ? ಪಕ್ಕಾ ಹೇಳ್ರಿ.”

ಮರದ ಮೇಲೆ ಗುರುತು ಇಟ್ಟೆ. ಹೊಸ ಚಿತ್ರಕ್ಕೆ ಮರಳಿದೆ. ಗುರುತು ರಸ್ತೆಯ ಗೆರೆಯ ಆಚೆಗೆ, ಗಿಡ ನೆಡಲು ಬಿಟ್ಟ ಪಟ್ಟಿಯಲ್ಲಿ ನಿಂತಿತು.

“ಪಕ್ಕಾ, ಕಾಕಾ. ರಸ್ತಿಗೆ ಬರಂಗಿಲ್ಲ.”

ಲೇಖನ ಬಂತು. ಸಂಪಾದಕರು ಎಲ್ಲರ ಮುಂದೆ ಹೊಗಳಿದರು. ಎಲ್ಲೆಲ್ಲಿಂದಲೋ ಫೋನುಗಳು. ಕಾಕಾ ಎಂಜಿನಿಯರಿಗೆ ಪತ್ರಿಕೆ ತೋರಿಸಿ, ಅವ್ವ ದಾರಿಗೆ ಅಡ್ಡ ಇಲ್ಲ, ನೀವು ಕೆಲಸ ಮುಂದುವರಿಸಿ ಎಂದು ಹೇಳಿ ಬಂದರು.

ಆ ಹೊಗಳಿಕೆಯ ಬಿಸಿಯಲ್ಲೇ ಇನ್ನೊಂದು ಲೇಖನ ಬರೆಯಬೇಕೆನಿಸಿತು. ವಿದೇಶದ ಗ್ರಂಥಾಲಯವೊಂದು ಇಂಟರ್ನೆಟ್‌ಗೆ ಏರಿಸಿದ್ದ ಬ್ರಿಟಿಷರ ಕಾಲದ ಸರ್ವೆ ನಕ್ಷೆಗಳಲ್ಲಿ ಬಿಡಕಿನ್‌ನ ಹಾಳೆ ಸಿಕ್ಕಿತು. ಎಂಥ ಕೆಲಸ ಅದು — ಪ್ರತಿ ಹಳ್ಳ, ಪ್ರತಿ ಗುಡಿ, ಬಾವಿ ಇದ್ದಲ್ಲೆಲ್ಲ ಒಂದು ಪುಟ್ಟ ನೀಲಿ ಉಂಗುರ. ಯಾರೋ ಬಿಸಿಲಿನಲ್ಲಿ ನಡೆದು ನಡೆದು ಬರೆದದ್ದು. ಬೇವಿನ ಮರದ ಹೊಲದ ಹತ್ತಿರವೂ ಒಂದು ಉಂಗುರವಿತ್ತು. ಹೊಸ ಉಪಗ್ರಹ ಚಿತ್ರದಲ್ಲಿ ಹುಡುಕಿದೆ. ಆ ಬಾವಿಯನ್ನು ಮುಚ್ಚಿರಲಿಲ್ಲ, ಇನ್ನೂ ಇತ್ತು, ದುಂಡಗೆ. ಮರವಿದ್ದ ಹಳೆಯ ಚಿತ್ರದಲ್ಲೂ ಇತ್ತು. ಆದರೆ ಎರಡು ಚಿತ್ರಗಳಲ್ಲಿ ಅದು ಎರಡು ಕಡೆ ಇತ್ತು.

ಬಾವಿ ಜಾಗ ಬಿಟ್ಟು ಕದಲುವುದಿಲ್ಲ. ಕದಲಿದ್ದು ಚಿತ್ರ. ಹಳೆಯ ಚಿತ್ರವನ್ನು ಭೂಮಿಯ ಮೇಲೆ ಕೂರಿಸುವಾಗ ಯಾರದೋ ಲೆಕ್ಕ ತಪ್ಪಿ ಇಡೀ ಚಿತ್ರವೇ ಪೂರ್ವಕ್ಕೆ ಜಾರಿತ್ತು — ಬಾವಿ, ಬದು, ಮರ, ನೆರಳು, ಎಲ್ಲವೂ. ಬಾವಿಗೆ ಬಾವಿ ಸೇರಿಸಿ ಹಳೆಯ ಚಿತ್ರವನ್ನು ಹಿಂದಕ್ಕೆ ಎಳೆದೆ. ಮರ ನೆಟ್ಟಗೆ ಬಂದು ರಸ್ತೆಯ ನಡುವೆ ನಿಂತಿತು.

ಡಾಂಬರು ಆಗಿನ್ನೂ ಬಿದ್ದಿರಲಿಲ್ಲ. ಎಂಜಿನಿಯರ್ ಇದ್ದರು, ಕಾಕಾನ ಫೋನ್ ನಂಬರ್ ನನ್ನ ಬಳಿ ಇತ್ತು. ಪತ್ರಿಕೆಯಲ್ಲಿ ಯಾರದೋ ಇನಿಷಿಯಲ್ ತಪ್ಪಾದರೂ ಮರುದಿನ ತಿದ್ದುಪಡಿ ಬರೆಯುತ್ತಿದ್ದವನು ನಾನೇ. ಅಂದು ಬರೆಯಲು ಕುಳಿತೆ. ಮೊದಲ ಸಾಲು ಬರೆದೆ. ಸಂಪಾದಕರ ಮುಖ ನೆನಪಾಯಿತು, ಆ ಫೋನುಗಳು, ಕೈ ಮುಗಿದು ನಿಂತ ಕಾಕಾ — ಇಲ್ಲ, ಕಾಕಾನ ಹೆಸರು ಇಲ್ಲಿ ತರಬಾರದು. ಅವರ ನೆಮ್ಮದಿಗಾಗಿ ಸುಮ್ಮನಿದ್ದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನ್ನ ಹೆಸರು ಉಳಿಯಲೆಂದು ಸುಮ್ಮನಿದ್ದೆ. ಬರೆದ ಸಾಲನ್ನು ಅಳಿಸಿದೆ. ಬೇಸಿಗೆ ಮುಗಿಯುವುದರೊಳಗೆ ರಸ್ತೆಯಾಯಿತು.

ಈ ವರ್ಷ ಕೆಲಸದಿಂದ ನಿವೃತ್ತನಾದೆ. ಕಳೆದ ತಿಂಗಳು ಸಂಭಾಜಿನಗರಕ್ಕೆ ಹೋಗಿ, ಎರಡೂ ಚಿತ್ರಗಳನ್ನು ಕಾಕಾನ ಮುಂದಿಟ್ಟು ಹೇಳಿದೆ. ಅವರು ಪೂರ್ತಿ ಕೇಳಿದರು.

“ನಿಮಗ ಆಗೇ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಡಾಂಬರ್ ಬೀಳೂಕಿಂತ ಮೊದಲ?”

“ಮೊದಲೇ, ಕಾಕಾ.”

ಕಾಕಾ ಅಂದು ಕೇಳಿದ್ದು ಕನ್ನಡದಲ್ಲಿ, ನಾನು ಪಕ್ಕಾ ಎಂದದ್ದೂ, ಆ ಮಾತು ಸುಳ್ಳಾದದ್ದೂ ಕನ್ನಡದಲ್ಲಿ. ಆದ್ದರಿಂದ ಈ ತಿದ್ದುಪಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮರಾಠಿಯಲ್ಲಿ ಇನ್ನೊಂದನ್ನು ಬರೆದು ಪತ್ರಿಕೆಗೆ ಕಳಿಸಿದ್ದೇನೆ.

ಕಾಕಾ ಕಳೆದ ಸೋಮವಾರ ಬಿಡಕಿನ್‌ಗೆ ಹೋಗಿದ್ದರು ಎಂದು ಕಾಕು ಫೋನಿನಲ್ಲಿ ತಿಳಿಸಿದರು. ರಸ್ತೆಯ ಪಕ್ಕದಲ್ಲಿ ಮಧ್ಯಾಹ್ನದವರೆಗೆ ನಿಂತಿದ್ದರು. ವಾಪಸು ಬರುವ ಬಸ್ಸು ಆಚೆ ಬದಿಯಲ್ಲಿ ನಿಲ್ಲುತ್ತದೆ. ಅವರು ಅಲ್ಲಿ ರಸ್ತೆ ದಾಟಲಿಲ್ಲ; ಆ ರಸ್ತೆ ಮುಗಿಯುವ ತನಕ ನಡೆದುಹೋಗಿ, ಸುತ್ತು ಹಾಕಿಕೊಂಡು ಬಂದು ಬಸ್ಸು ಹತ್ತಿದರು.